ಬುಡದ ಮಣ್ಣು

"ಇದೇ ಸರಿ," ಎಂದು ಪಾರೆಹುಯಾ, ಅಂಗಡಿಯ ಹಿತ್ತಲಲ್ಲಿ ಪೇರಿಸಿಟ್ಟಿದ್ದ ದಪ್ಪ ಬ್ಲಾಕುಗಳ ಮೇಲೆ ಕೂತೇಬಿಟ್ಟಳು. ಏಳು ತಿಂಗಳ ಬಸುರಿ. ಬೆಳಿಗ್ಗೆಯಿಂದ ಬ್ಲಾಕು ನೋಡಿ ನೋಡಿ ಕಾಲು ಊದಿಕೊಂಡಿದ್ದವು. "ಸಿಮೆಂಟು, ಗಾರೆ ಏನೂ ಬೇಡ. ಒಂದರ ಮೇಲೊಂದು ಇಟ್ಕೊಂಡು ಹೋದ್ರೆ ಮನೆ ಹಿಂದಿನ ಗುಡ್ಡಕ್ಕೆ ತಡೆಗೋಡೆ ಆಯ್ತು. ಅಲ್ವಾ ಬೆವನ್?"

"ಆಯ್ತು, ಆಯ್ತು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ," ಎಂದ ಅಂಗಡಿಯ ಮುದುಕ ಬೆವನ್. ಗಿಸ್ಬೋರ್ನ್ ಊರಿನ ಅರ್ಧ ಗುಡ್ಡ ನಿಂತಿರುವುದು ತನ್ನ ಬ್ಲಾಕುಗಳಿಂದಲೇ ಎಂದು ನಂಬಿದ್ದವನು. "ಆದ್ರೆ ಈ ದಪ್ಪದ್ದಕ್ಕೆ ಜಾಗ ಜಾಸ್ತಿ ಬೇಕು. ಒಂದೊಂದು ಸಾಲೂ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿದು ಕೂರುತ್ತೆ, ಅದರ ಹಿಂದೆ ಮೊಳದಷ್ಟು ಅಗಲ ಜಲ್ಲಿ ತುಂಬಬೇಕು. ಗುಡ್ಡಾನ ಚೆನ್ನಾಗಿ ಒಳಗಡೆಗೆ ಕಡೀಬೇಕಾಗುತ್ತೆ. ಅಲ್ಲಿ ಏನಾದ್ರೂ ಇದ್ಯಾ? ಶೆಡ್ಡು, ಪೈಪು, ಮರ?"

ಪಾರೆಹುಯಾಳ ಗಂಡ ಹೋಹೆಪಾ ಅವಳ ಮುಖ ನೋಡಿದ. ಅವಳು ಬ್ಲಾಕಿನ ಅಂಚು ಸವರುತ್ತಾ ಕೂತಿದ್ದಳು. ಉತ್ತರ ಬಂದದ್ದು ಹಿಂದೆ ನಿಂತಿದ್ದ ಮಿರಿಯಾಮಾಳಿಂದ. ಹೋಹೆಪಾನ ಮೊದಲ ಹೆಂಡತಿಯ ಮಗಳು ಅವಳು. ವೈರೋವಾ ಊರಿನಲ್ಲಿ ತಾಯಿಯ ಜೊತೆ ಇರುತ್ತಾಳೆ, ಶಾಲೆಗೆ ರಜೆ ಬಿದ್ದಾಗ ಅಪ್ಪನ ಮನೆಗೆ ಬರುತ್ತಾಳೆ.

"ಕೋಫೈ ಮರ ಇದೆ," ಎಂದಳು. "ನಂದು."

ಮರ ಅವಳದೇ. ಅವಳು ಹುಟ್ಟಿದಾಗ ಗುಂಡಿ ತೋಡಿದವನು ಹೋಹೆಪಾನೇ. ಅವನ ತಾಯಿ ಹೆರಿಗೆಯಲ್ಲಿ ಬಿದ್ದ ಮಗುವಿನ ಮಾಸನ್ನು ನಾರಿನ ಬುಟ್ಟಿಯಲ್ಲಿಟ್ಟು, ಪ್ರಾರ್ಥನೆ ಹೇಳಿ ಹೂತು, ಮೇಲೆ ಆ ಸಸಿ ನೆಟ್ಟಿದ್ದಳು. ಆ ನಾಡಿನ ಮೂಲನಿವಾಸಿಗಳಾದ ಮಾವೋರಿಗಳಲ್ಲಿ ಮಾಸು ಎಲ್ಲಿ ಮಣ್ಣು ಸೇರಿತೋ ಅದೇ ಮಗುವಿನ ನೆಲ. ಅಪ್ಪ ಅಮ್ಮ ಬೇರೆಯಾಗಲಿ, ಮನೆಗೆ ಹೊಸಬರು ಬರಲಿ, ಆ ನೆಲದ ಮೇಲೆ ನಿಂತವಳನ್ನು ಯಾರೂ ನೀನ್ಯಾರು ಎನ್ನುವಂತಿಲ್ಲ. ಅವಳಿದ್ದ ಕೋಣೆಗೆ ಈಗ ತೊಟ್ಟಿಲು ಬಂದಿದೆ. ರಜೆಯಲ್ಲಿ ಬಂದರೆ ಸೋಫಾದ ಮೇಲೆ ಮಲಗುತ್ತಾಳೆ. ಅಪ್ಪನ ಮನೆಯಲ್ಲಿ ಅವಳದೆಂದು ಉಳಿದಿರುವುದು ಆ ಮರದ ಬುಡ ಒಂದೇ. ಪಾರೆಹುಯಾಳಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ, ಅವಳೂ ಅದೇ ಜನ.

"ಹಾಗಾದ್ರೆ ಎತ್ತರದ ಗೋಡೆ ಬಿಡಿ," ಎಂದ ಬೆವನ್. "ಮೆಟ್ಟಿಲ ಹಾಗೆ ಗಿಡ್ಡವು ಎರಡು ಕಟ್ಟಿ. ಅದಕ್ಕೆ ಈ ಸಣ್ಣ ಬ್ಲಾಕೇ ಸಾಕು. ಮರ ನಡುವೆ ಹಾಯಾಗಿ ನಿಂತಿರುತ್ತೆ."

"ಆಗ ಕೆಳಗೆ ಸಮನೆಲ ಎಷ್ಟು ಸಿಗುತ್ತೆ?" ಪಾರೆಹುಯಾ ಕೇಳಿದಳು.

"ಅರ್ಧ ಅನ್ಕೊಳ್ಳಿ. ಬಟ್ಟೆ ಒಣಗಿಸೋಕೆ ಮೋಸ ಇಲ್ಲ."

"ಮತ್ತೆ ನನ್ನ ಮಗು ಎಲ್ಲಿ ಆಡ್ಬೇಕು? ಬಟ್ಟೆ ಹಗ್ಗಕ್ಕೆ ಜೋತುಬೀಳುತ್ತಾ?" ಎಂದವಳು ಮಿರಿಯಾಮಾಳ ಕಡೆ ತಿರುಗಿ ದನಿ ತಗ್ಗಿಸಿದಳು. "ಮರಾನ ಬೇರುಸಮೇತ ಎತ್ತಿ ಮೇಲ್ಗಡೆ ನೆಟ್ರಾಯ್ತಲ್ಲ ಪುಟ್ಟಿ. ಕಡಿದು ಒಲೆಗೆ ಹಾಕ್ತೀನಿ ಅಂದ್ನಾ ನಾನು?"

"ಮರ ಎತ್ತಬಹುದು ಆಂಟಿ. ಕೆಳಗಿರೋದು?"

"ಹದಿನೈದು ವರ್ಷ ಆಯ್ತಲ್ಲೇ. ಇನ್ನೇನಿರುತ್ತೆ ಅಲ್ಲಿ? ಬರೀ ಮಣ್ಣು."

"ಮಣ್ಣಾಗ್ಲಿ ಅಂತಾನೇ ಅಲ್ವಾ ಹೂಳೋದು?"

ಪಾರೆಹುಯಾಳ ಮುಖ ಕೆಂಪಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಹೆಪಾ, ನೀನೇ ಹೇಳು," ಎಂದಳು. "ನಾನು ಹೇಳಿದ್ರೆ ಮಲತಾಯಿ ಅನ್ನಿಸ್ಕೋತೀನಿ."

ಎಲ್ಲರೂ ಅವನನ್ನೇ ನೋಡಿದರು. ಗಿಡ್ಡದ್ದೇ ಇರಲಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಾಯಿ ಬಿಡಬೇಕಾದ ಹೊತ್ತಿಗೆ ಸರಿಯಾದ್ದನ್ನು ಬಿಟ್ಟು ಸುಲಭದ್ದನ್ನು ಹೇಳುವುದು ಹೋಹೆಪಾನ ಹಳೆಯ ಕಾಯಿಲೆ. ಮೊದಲ ಸಂಸಾರ ಹಾಳಾದದ್ದೂ ಅದರಿಂದಲೇ. ಮಗಳು ನಾಳೆ ಬಸ್ಸು ಹತ್ತುತ್ತಾಳೆ, ಹೆಂಡತಿ ನಾಳೆಯೂ ಎದುರಿಗಿರುತ್ತಾಳೆ ಎಂಬ ಲೆಕ್ಕ ತಲೆಯಲ್ಲಿ ತಾನಾಗಿ ಓಡಿತು. ಹಾಗೆ ಓಡಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ನಾಚಿಕೆಯಾಯಿತೇ ಹೊರತು ಲೆಕ್ಕವೇನೂ ಬದಲಾಗಲಿಲ್ಲ.

"ದಪ್ಪದ್ದೇ ಕಳಿಸು ಬೆವನ್," ಎಂದ. ಆಮೇಲೆ ಮಗಳ ಹೆಗಲು ತಟ್ಟಿ, "ಮೇಲ್ಗಡೆ ಒಳ್ಳೇ ಬಿಸಿಲು ಬರೋ ಕಡೆ ನೆಡೋಣ ಕಣೇ. ನಿಂದೂ ಪಾಪೂದೂ ಅಕ್ಕಪಕ್ಕ ಇರುತ್ವೆ," ಎಂದು ನಕ್ಕ.

ಮಿರಿಯಾಮಾ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ಹೋಹೆಪಾ ಉಸಿರು ಬಿಟ್ಟ.

ಬೆವನ್ ಮಾತ್ರ ತನ್ನ ಕೆಲಸದ ಮಾತು ಬಿಡಲಿಲ್ಲ. "ಕಡಿದ ಮಣ್ಣನ್ನ ವಾಪಸ್ ಗೋಡೆ ಹಿಂದೆ ತುಂಬಬೇಡಿ. ನಿಮ್ಮ ಕಡೆ ಎಲ್ಲಾ ಜೇಡಿ, ನೀರು ಕುಡಿದು ಉಬ್ಬಿದ್ರೆ ಗೋಡೇನೇ ತಳ್ಳಿಬಿಡುತ್ತೆ. ನಮ್ಮ ಲಾರಿಯವನೇ ಒಯ್ತಾನೆ. ಎಲ್ಲಿ ಸುರೀಬೇಕು?"

"ಎಲ್ಲಾದ್ರೂ ಸುರೀಲಿ," ಎಂದಳು ಪಾರೆಹುಯಾ, ಸೊಂಟ ಹಿಡಿದು ಏಳುತ್ತಾ. ಹೋಹೆಪಾ ಹೂಂ ಎಂದ.

ಗೇಟಿನ ಪಕ್ಕ ಜಲ್ಲಿಯ ಖಾಲಿ ಚೀಲಗಳ ರಾಶಿಯಿತ್ತು. ಮಿರಿಯಾಮಾ ಹೋಗಿ ಅದರಲ್ಲೊಂದನ್ನು ಎಳೆದು, ಕೊಡವಿ, ತೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮಡಚಿ ಕಂಕುಳಲ್ಲಿಟ್ಟುಕೊಂಡು ಕಾರಿನ ಹತ್ತಿರ ಬಂದಳು.

"ನನ್ನ ಮಣ್ಣನ್ನ ನಾನು ಇವತ್ತೇ ತುಂಬ್ಕೋತೀನಿ ಅಪ್ಪ," ಎಂದಳು. "ನಾಳೆ ಬಸ್ಸಿಗೆ ಬಿಡೋವಾಗ ಡಿಕ್ಕೀಲಿ ಸ್ವಲ್ಪ ಜಾಗ ಮಾಡಿಕೊಡು. ಆಮೇಲೆ ಈ ಮನೇಲಿ ಏನೂ ಕೇಳಲ್ಲ."