ಕೆನ್ನೆ ಮೇಲಿನ ಎರಡು ಬೆರಳು

ನೇಯ್ಗೆ ಕೋಣೆಯ ಬಾಗಿಲನ್ನು ಗಟ್ಟಿಯಾಗಿ ಹಿಡಿದ ಹುಡುಗಿ ಏನು ಮಾಡಿದರೂ ಒಳಗೆ ಬರಲೊಲ್ಲಳು. ಅದೇ ಶಾಲೆಯಲ್ಲಿ ಆಯಾ ಆಗಿದ್ದ ಅವಳಮ್ಮ ಎಳೆದೆಳೆದು ಸೋತಿದ್ದಳು. "ಮಾತು ಬರಲ್ಲ, ಕಿವಿ ಕೇಳಲ್ಲ, ಒಂದು ಕಸುಬಾದ್ರೂ ಕೈಗೆ ಹತ್ತಲಿ ಅಂದ್ರೆ ದಿನಾ ಇದೇ ರಗಳೆ ಸಾರ್!"

ಹೊಸ ಮೇಷ್ಟ್ರಿಗೂ ಸಂಕಟವಾಯಿತು. ಇದ್ದ ಮಕ್ಕಳಲ್ಲೆಲ್ಲ ಇವಳ ಕೈಯೇ ಚುರುಕು. ಮಗ್ಗದಲ್ಲಿ ಒಂದೆಳೆ ಕಡಿದರೂ ಕಣ್ಣು ಹಾಯಿಸದೆ ಬೆರಳಲ್ಲೇ ಹುಡುಕಿಬಿಡುತ್ತಿದ್ದಳು. ಇಂಥವಳೇ ಬಿಟ್ಟುಹೋಗುವುದೆಂದರೇನು? "ಏನಾಯ್ತು ಅಂತ ಕೇಳಮ್ಮಾ," ಎಂದರು.

ತಾಯಿ ಮಗಳ ಕೈಗಳು ಗಾಳಿಯಲ್ಲಿ ಜಗಳಾಡಿದವು. ಕೊನೆಗೆ ತಾಯಿಯೇ ದನಿ ತಗ್ಗಿಸಿದಳು. "ಹಳೇ ಟೀಚರಮ್ಮ ಬರ್ತಾರಂತೆ ಸಾರ್."

"ಅವರು ತೀರಿಹೋದ ಮೇಲಲ್ವಾ ನಾನು ಬಂದಿದ್ದು?"

"ನೀವೇ ಕರೀತೀರಂತೆ."

"ನಾನಾ? ಯಾವಾಗ?"

ತಾಯಿ ಸನ್ನೆಯಲ್ಲಿ ಕೇಳಿದ್ದಕ್ಕೆ ಹುಡುಗಿ ಎರಡು ಬೆರಳನ್ನು ಎಡಗೆನ್ನೆಗೆ ಒತ್ತಿ ತೋರಿಸಿದಳು. ಮೇಷ್ಟ್ರಿಗೆ ನಗು ಬಂತು. ಮಕ್ಕಳ ಸನ್ನೆಗಳಲ್ಲಿ ಅವರಿಗೆ ಚೆನ್ನಾಗಿ ಬರುತ್ತಿದ್ದುದು ಅದೊಂದೇ. ಬಂದ ಹೊಸತರಲ್ಲಿ ಒಂದು ಮಗು ಹಾಗೆ ಮಾಡಿದ್ದೇ ತಡ, ಮಗ್ಗಗಳೆಲ್ಲ ಗಪ್ಪನೆ ನಿಂತಿದ್ದವು. 'ನಿಲ್ಲಿಸಿ' ಎಂದರ್ಥವಿರಬೇಕು ಎಂದುಕೊಂಡು ಅಂದಿನಿಂದ ದಿನಾ ಅದನ್ನೇ ಬಳಸುತ್ತಿದ್ದರು. ಕಿವುಡರ ಮುಂದೆ ಕಿನ್ನರಿ ಬಾರಿಸೋಕೆ ಹೊರಟೆಯಾ ಎಂದು ಹಂಗಿಸಿದ್ದ ಗೆಳೆಯರೆದುರು ಇದನ್ನೇ ಹೇಳಿ ಬೀಗಿದ್ದೂ ಉಂಟು.

"ಅಯ್ಯೋ, ಅದು ಟೀಚರಮ್ಮನ ಹೆಸರು ಸಾರ್! ಕೆನ್ನೆ ಮೇಲೆ ಜೋಡಿ ಮಚ್ಚೆ ಇತ್ತಲ್ಲ, ಅದಕ್ಕೆ ಮಕ್ಕಳು ಇಟ್ಟ ಹೆಸರು. ಅವರು ಬಂದ್ರು ಅಂದ್ರೆ ಎಲ್ರೂ ಕೈ ನಿಲ್ಲಿಸಿ ಬಾಗಿಲ ಕಡೆ ನೋಡೋರು."

ಮೇಷ್ಟ್ರ ಮೈ ಜುಮ್ಮೆಂದಿತು. ಆದರೆ ಮಕ್ಕಳ ಮುಂದೆ ಹೆದರಿದರೆ ಮಾನ ಉಳಿದೀತೇ? "ಇನ್ನು ಕರೆಯಲ್ಲ ಅಂತ ಹೇಳು," ಎಂದವರೇ ಒಳಗೆ ಹೋಗಿ, ಒಬ್ಬೊಬ್ಬರ ಭುಜ ತಟ್ಟಿ ಮಗ್ಗಗಳನ್ನು ನಿಲ್ಲಿಸಿದರು. ಲಾಳಿಗಳ ಸದ್ದಡಗಿತು. ಮೂಲೆಯಲ್ಲಿ ಟೀಚರಮ್ಮನ ಮಗ್ಗಕ್ಕೆ ಹೊದಿಸಿದ್ದ ಬಟ್ಟೆಯ ಮೇಲೆ ಧೂಳು ಕೂತಿತ್ತು. "ನೋಡು, ಯಾರಿದ್ದಾರೆ ಇಲ್ಲಿ?"

ಹುಡುಗಿ ಮೆಲ್ಲಗೆ ಒಳಬಂದಳು. ಮಗ್ಗದ ಬಡಿತವನ್ನು ಆ ಮಕ್ಕಳು ಕಲಿಯುವುದೇ ಮರದ ನೆಲದಿಂದ, ಬರಿಗಾಲಿನಲ್ಲಿ. ಅವಳು ಮೇಷ್ಟ್ರ ಕೈಹಿಡಿದು ಕೂರಿಸಿ, ಅವರ ಅಂಗೈಯನ್ನು ನೆಲದ ಹಲಗೆಗೆ ಒತ್ತಿದಳು.

ಕಿವಿಗೆ ಏನೂ ಕೇಳಿಸಲಿಲ್ಲ. ಅಂಗೈ ಕೆಳಗೆ ಮಾತ್ರ ಯಾರೋ ನಿಧಾನವಾಗಿ, ಲಯ ತಪ್ಪದೆ ನೇಯುತ್ತಿದ್ದರು.

"ಇವತ್ತು ನಾನು ಕರೆದೇ ಇಲ್ವಲ್ಲ!" ಮೇಷ್ಟ್ರು ಕೈಯನ್ನು ಹಿಂದಕ್ಕೆಳೆದುಕೊಂಡರು.

ತಾಯಿ ಅದನ್ನು ಸನ್ನೆಯಲ್ಲಿ ಕೇಳಿದಳು. ಮಗಳ ಉತ್ತರ ನೋಡಿದವಳೇ ಅವಳ ರಟ್ಟೆ ಹಿಡಿದು ಬಾಗಿಲ ಕಡೆ ಸರಿದಳು.

"ಈಗ ಕರೆಯೋದೇ ಬೇಡವಂತೆ ಸಾರ್. ಬಂದೂ ಬಂದೂ ಅವರಿಗೇ ಅಭ್ಯಾಸ ಆಗಿಬಿಟ್ಟಿದೆಯಂತೆ."