ಎಡರೆಕ್ಕೆಯ ಪಂಖ

ಸಾಗವಾನಿ ಕಟ್ಟಿಗೆ ಉಜ್ಜಿದ ವಾಸನೆ ಬಂದರೆ ಈಗಲೂ ನನ್ನ ಬೆರಳ ತುದಿಗಳು ಚುರುಗುಟ್ಟುತ್ತವೆ.

ನಾನು ಚಿಕ್ಕವಳಿದ್ದಾಗಿನ ಮಾತು. ಮಾಳಮಡ್ಡಿಯ ನಮ್ಮ ಮನೆಯಲ್ಲಿ ಅಂದು ಹತ್ಯಾರಗಳನ್ನು ಪೂಜಿಸುವ ಖಂಡೇಪೂಜೆ. ಪತ್ರಿಕೆಯ ಚಿತ್ರ ನೋಡಿ, ಅಳತೆ ತಪ್ಪದಂತೆ ನಾನು ಕೆತ್ತುತ್ತಿದ್ದ ಡಕೋಟಾ ವಿಮಾನಕ್ಕೆ ಎಡರೆಕ್ಕೆಯ ಮೇಲೆ ತಿರುಗುವ ಪಂಖವೊಂದೇ ಬಾಕಿ ಇತ್ತು. ಅಷ್ಟರಲ್ಲಿ ಅಜ್ಜಿ ಅಪ್ಪನ ಗರಗಸ, ಚಾಕುಗಳನ್ನೆಲ್ಲ ಒರೆಸಿ, ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟುಬಿಟ್ಟಳು.

“ಇವನ್ನ ಇವತ್ತ ಮುಟ್ಟೂ ಹಂಗಿಲ್ಲ, ತಂಗಿ. ಅವಕ್ಕೂ ಒಂದಿನ ಸೂಟಿ ಬೇಕು,” ಎಂದಳು.

“ಅಪ್ಪಾ, ನನ್ನ ವಿಮಾನಾನೂ ಪೂಜಾಕ್ಕ ಇಡ್ತೇನ್ರಿ,” ಎಂದೆ.

“ಅರ್ಧಾ ಮಾಡಿದ್ದನ್ನ ದೇವರ ಮುಂದ ಇಡಬ್ಯಾಡ,” ಎಂದರು ಅಪ್ಪ.

ಪಂಖಕ್ಕೆಂದು ಇಟ್ಟಿದ್ದ ಸಾಗವಾನಿ ಕಟ್ಟಿಗೆಯ ಚೂರು ಹಿಡಿದು ಹಿತ್ತಲಿಗೆ ನಡೆದೆ. ಬಟ್ಟೆ ಒಗೆಯುವ ಒರಟು ಕಲ್ಲಿನ ಮೇಲೆ ಮಧ್ಯಾಹ್ನವೆಲ್ಲ ಅದನ್ನು ಉಜ್ಜಿದೆ. ಕಟ್ಟಿಗೆ ತೆಳುವಾದಂತೆ ಬೆರಳೂ ಸುಲಿಯತೊಡಗಿತು, ಬಿಡಲಿಲ್ಲ. ಸಂಜೆಯ ಆರತಿಗೆ ಮೊದಲು ಪಂಖವನ್ನು ರೆಕ್ಕೆಗೆ ಕೂಡಿಸಿ ಊದಿದೆ. ತಿರುಗಿತು.

“ಚಾಕು ಮುಟ್ಟಿದ್ಯೇನು?” ಅಜ್ಜಿಯ ದನಿ ಬಿಗಿಯಾಗಿತ್ತು.

ನಾನು ಕೈ ಚಾಚಿದೆ. ಅಜ್ಜಿ ಸುಲಿದ ಬೆರಳುಗಳಿಗೆ ಅರಿಸಿನ ಒತ್ತಿದಳು. ಆಮೇಲೆ ಒಂದೊಂದು ಉಗುರಿಗೂ ಕುಂಕುಮವಿಟ್ಟಳು.

“ನಾಳಿ ತನಕಾ ಇವಕ್ಕೂ ಸೂಟಿ,” ಎಂದಳು.