ಕೆಂಪು ಗುಂಡಿ ಒತ್ತಿದ ಅಪರಾಧ

ಇಸ್ತ್ರಿ ಯಂತ್ರದ ರೋಲರು ಮೇಲ್ವಿಚಾರಕನ ಟೈಯನ್ನು ಕಚ್ಚಿಕೊಂಡಾಗ ಲಾಂಡ್ರಿಯ ದಟ್ಟ ಹಬೆಯಲ್ಲಿ ಅದು ಯಾರಿಗೂ ಕಾಣಲಿಲ್ಲ. ಎದುರಿಗಿದ್ದ ಇಸ್ತ್ರಿಯಕ್ಕನಿಗೆ ಮಾತ್ರ ಕಂಡಿತು. ಕೈಯಲ್ಲಿದ್ದ ಬೆಡ್‌ಶೀಟನ್ನು ಬಿಸಾಡಿ ಓಡಿದವಳೇ ಗೋಡೆಯ ಕೆಂಪು ಗುಂಡಿಯನ್ನು ಒತ್ತಿದಳು. ಯಂತ್ರ ನಿಂತಿತು. ಮೇಲ್ವಿಚಾರಕ ಉಳಿದ. ಬಿಸಿ ರೋಲರಿನಡಿ ಸಿಕ್ಕಿಕೊಂಡ ಬೆಡ್‌ಶೀಟುಗಳು ಕರಕಲಾದವು.

ಮರುದಿನವೇ ವಿಚಾರಣೆ. ಮೇಜಿನ ಆಚೆ ಯಜಮಾನ. ಪಕ್ಕದಲ್ಲಿ, ಸಾಕ್ಷಿಯಾಗಿ, ಅವನ ಹೆಂಡತಿಯ ತಮ್ಮನೂ ಆಗಿದ್ದ ಅದೇ ಮೇಲ್ವಿಚಾರಕ. ಕೊರಳಿನ ನೀಲಿ ಬರೆ ಕಾಣದಂತೆ ಕಾಲರನ್ನು ಬಿಗಿದು, ಅದರ ಮೇಲೊಂದು ಹೊಸ ಟೈ ಕಟ್ಟಿದ್ದ. ಯಂತ್ರದ ಬಳಿ ಸಡಿಲ ಬಟ್ಟೆ ಕೂಡದೆಂಬ ನಿಯಮ ಅಲ್ಲಿ ಹೆಂಗಸರ ಸೆರಗಿಗೆ ಮಾತ್ರ ಅನ್ವಯಿಸುತ್ತಿತ್ತು.

“ಮೇಲ್ವಿಚಾರಕರ ಅನುಮತಿ ಇಲ್ದೆ ಯಂತ್ರ ನಿಲ್ಲಿಸಬಾರದು ಅಂತ ಗೊತ್ತಿಲ್ವೇನಮ್ಮ?”

“ಗೊತ್ತು ಯಜಮಾನ್ರೇ. ಕೇಳೋಣ ಅಂದ್ರೆ ಅವರ ನಾಲಿಗೆ ಹೊರಗೆ ಬಂದಿತ್ತು.”

“ತಲೆಹರಟೆ ಬೇಡ. ನೀನು ಹೇಳಪ್ಪ, ಇವಳು ನಿನ್ನ ಅನುಮತಿ ಕೇಳಿದ್ಳಾ?”

ಸಾಕ್ಷಿ ಉಗುಳು ನುಂಗಿದ, ಗಂಟಲು ನೋಯಿತು. ಇಸ್ತ್ರಿಯಕ್ಕನ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ ಎಂಬುದು ಅವನಿಗೆ ತಿಳಿಯದ ಸಂಗತಿಯೇನಲ್ಲ.

“ಇಲ್ಲ ಭಾವ... ಅಲ್ಲ, ಇಲ್ಲ ಸಾರ್.”

“ಕೇಳಿಸ್ಕೊಂಡ್ಯಲ್ಲ? ನಾಳೆಯಿಂದ ಬರೋದು ಬೇಡ.”

“ಲೇಬರ್ ಕೋರ್ಟಿಗೆ ಹೋಗ್ತೀನಿ.”

ಯಜಮಾನ ಕುರ್ಚಿಗೊರಗಿ ನಕ್ಕ. “ಧಾರಾಳವಾಗಿ ಹೋಗು ತಾಯಿ. ಆ ಹಬೇಲಿ ಕಂಡೋರು ಯಾರು? ನಿನ್ನ ಬಿಟ್ರೆ ಇವನೊಬ್ಬನೇ. ಇವನನ್ನೇ ಕರೆಸಿ ಪ್ರಮಾಣ ಮಾಡಿಸು, ಹೋಗು!”

ಬುತ್ತಿಯ ಡಬ್ಬಿ ತೆಗೆದುಕೊಳ್ಳಲು ಇಸ್ತ್ರಿಯಕ್ಕ ಒಳಗೆ ಹೋದಾಗ, ಆಡಳಿತ ಆಗಲೇ ಪಾಠ ಕಲಿತಿತ್ತು. ಕೆಂಪು ಗುಂಡಿಯ ಮೇಲೆ ತಗಡಿನ ಮುಚ್ಚಳ, ಮುಚ್ಚಳಕ್ಕೆ ಬೀಗ. ವಿಚಾರಣೆ ಮುಗಿಸಿ ಬಂದ ಮೇಲ್ವಿಚಾರಕ ಓಡುತ್ತಿದ್ದ ಯಂತ್ರದ ಮೇಲೆ ಬಾಗಿ, ಅವಳ ಜಾಗಕ್ಕೆ ಬಂದ ಹೊಸಬಳಿಗೆ ಶಿಸ್ತಿನ ಮಹತ್ವವನ್ನು ಬೋಧಿಸುತ್ತಿದ್ದ. ಬೀಗದ ಕೈ ಅವನ ಟೈ ಕ್ಲಿಪ್ಪಿಗೆ ಜೋತುಬಿದ್ದು, ಟೈಯ ಜೊತೆ ತಾನೂ ತೂಗುತ್ತಿತ್ತು. ರೋಲರಿನ ಬಾಯಿಗೂ ಅದಕ್ಕೂ ಗೇಣಿನ ಅಂತರ.

ಇಸ್ತ್ರಿಯಕ್ಕ ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು.

“ಆ ಟೈನ ಅಂಗಿಯೊಳಗೆ ಸಿಕ್ಕಿಸ್ಕೊಳ್ಳಿ ಸಾರ್. ನನ್ನ ಕೇಸಿಗೆ ಇರೋ ಸಾಕ್ಷಿ ನೀವೊಬ್ರೇ.”